ಕರಪತ್ರದಲ್ಲಿ ಇಲ್ಲದ ಅಪ್ಪ

೧

ಒಂದು ಚೀಟಿ, ಸ್ವಲ್ಪ ಅಂಟು, ಹೆಬ್ಬೆರಳಿನಿಂದ ಒತ್ತು. ಇನ್ನೊಂದು ಚೀಟಿ. ಆಫೀಸಿನ ಉದ್ದ ಮೇಜಿನ ಈ ಕಡೆ ನಾನು, ಆ ಕಡೆ ಸಂಸ್ಥೆ ನಡೆಸುವ ಮೇಡಂ, ನಡುವೆ ಕರಪತ್ರಗಳ ರಾಶಿ. ಪ್ರತಿಯೊಂದರ ಐದನೆಯ ಸಾಲಿನ ಮೇಲೆ ಬಿಳಿ ಚೀಟಿ ಅಂಟಿಸುತ್ತಿದ್ದೇವೆ.

(ಕಥೆಯನ್ನು ಹೀಗೆ ಶುರು ಮಾಡಬಹುದೇ? ನನಗೆ ಹೇಳಿಕೊಟ್ಟ ಶುರು ಬೇರೆ. "ಮಗುವಿನ ಕಣ್ಣಿಂದ ಶುರು ಮಾಡು. ಓದೋರು ಎರಡನೇ ಸಾಲಿಗೆ ಬರೋಷ್ಟರಲ್ಲಿ ಕರಗಿರಬೇಕು" ಎನ್ನುತ್ತಾರೆ ಮೇಡಂ. ನೀವು ದಯವಿಟ್ಟು ಕರಗಬೇಡಿ.)

೨

ಸರಿ, ಮತ್ತೆ ಮೊದಲಿಂದ.

ನಾನಿರುವುದು ಕಿವಿ ಕೇಳದ ಬಡ ಮಕ್ಕಳಿಗಾಗಿ ಚಂದಾ ಎತ್ತುವ ಒಂದು ಸಂಸ್ಥೆಯಲ್ಲಿ. ಚಂದಾ ಬಂದರೆ ಮಗುವಿಗೆ ಕಿವಿ ಮಷೀನು, ಆಮೇಲೆ ಮಾತು ಕಲಿಸುವ ಕ್ಲಾಸು. ಚಂದಾಕ್ಕೆ ಕರಪತ್ರ ಬೇಕು, ಕರಪತ್ರಕ್ಕೆ ಕಥೆ ಬೇಕು, ಆ ಕಥೆ ಬರೆಯುವವಳು ನಾನು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಇಲ್ಲಿಗೆ ನೆಲ ಒರೆಸಲು ಬಂದವಳು. "ಓದಿದೋರು ಬರೆದ್ರೆ ರಿಪೋರ್ಟ್ ಆಗುತ್ತೆ ಕಣೇ. ನೀನು ಬರೆದ್ರೆ ಜನ ನಂಬ್ತಾರೆ" ಎಂದು ಮೇಡಂ ಪೆನ್ನು ಕೊಟ್ಟರು.

ಜನ ನಂಬಿದರು. ತೊಂದರೆಯಾದದ್ದೇ ಅಲ್ಲಿ.

೩

ಆ ಕೋಣೆಗೆ ಒಂದೇ ಕಿಟಕಿ. ಕಿಟಕಿಯ ಹಿಂದೆ ಎರಡು ದೊಡ್ಡ ಕಣ್ಣು...

ನೋಡಿದಿರಾ? ಕೈ ತಾನಾಗಿ ಅಲ್ಲಿಗೇ ಓಡಿತು. ಹೊಡೆದು ಹಾಕಿದ್ದೇನೆ.

೩, ಇನ್ನೊಮ್ಮೆ

ಒಂದು ಮಧ್ಯಾಹ್ನ, ಕರಪತ್ರದ ಫೋಟೋದಲ್ಲಿರುವ ಹುಡುಗಿಯ ಮನೆಗೆ ಹೋಗಿದ್ದೆ. ಒಂಬತ್ತು ವರ್ಷದವಳು. ತಾಯಿ ಬಾಗಿಲು ತೆರೆದು ನೀರು ಕೊಟ್ಟರು. ನನಗೆ ಕೇಳಿ ತಿಳಿಯುವುದು ಆಗದು. ಬದಲಿಗೆ ನೋಡುತ್ತೇನೆ. ನನ್ನ ಕಣ್ಣಿಗೆ ಏನೂ ತಪ್ಪುವುದಿಲ್ಲ ಎಂಬ ಜಂಬವೂ ಇತ್ತು. ಬಾಗಿಲ ಬಳಿ ಗಂಡಸಿನ ಚಪ್ಪಲಿ ಇರಲಿಲ್ಲ. ಗೋಡೆಯ ಮೊಳೆಯಲ್ಲಿ ಶರಟು ಇರಲಿಲ್ಲ. ಪಾಪ, ಕೇಳಿ ಯಾಕೆ ನೋಯಿಸಲಿ ಎಂದುಕೊಂಡು ಬಂದು ಐದನೆಯ ಸಾಲು ಬರೆದೆ: "ಅಪ್ಪ ಇವರನ್ನು ಬಿಟ್ಟು ಹೋಗಿ ವರ್ಷಗಳಾದವು."

ಅಚ್ಚಿಗೆ ಹೋಗುವ ಮುಂಚೆ ಮನೆಯವರಿಗೆ ಕಥೆಯನ್ನು ಓದಿ ಹೇಳಬೇಕು, ಅದು ನಮ್ಮಲ್ಲಿನ ಕ್ರಮ. ಫೋಟೋ ಅಚ್ಚು ಹಾಕಲು ತಾಯಿ ಒಪ್ಪಿ ಸಹಿ ಹಾಕಿದರು. ಕಥೆಯನ್ನು ಮಾತ್ರ ನಾಚಿಕೆಯಾಗಿ ನಾನು ಓದಲೇ ಇಲ್ಲ. ಓದಿದೆ ಎಂದು ಮೇಡಂಗೆ ಹೇಳಿದೆ.

ಹುಡುಗಿಯ ಅಪ್ಪನಿಗೆ ಇರುವುದು ಒಂದೇ ಜೊತೆ ಚಪ್ಪಲಿ. ಅದನ್ನು ಮೆಟ್ಟಿಕೊಂಡು ಕೆಲಸಕ್ಕೆ ಹೋಗಿದ್ದರು. ಎರಡು ಶರಟಿನಲ್ಲಿ ಒಂದು ಮೈಮೇಲೆ, ಇನ್ನೊಂದು ತಾರಸಿಯ ತಂತಿಯ ಮೇಲೆ. ಇಷ್ಟೇ.

೪

ಅವರು ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ ಕೂತು ಬ್ಯಾಗುಗಳ ಜಿಪ್ ರಿಪೇರಿ ಮಾಡುತ್ತಾರೆ. ಯಾರದೋ ಬ್ಯಾಗಿನಲ್ಲಿ ನಮ್ಮ ಕರಪತ್ರ ಸಿಕ್ಕಿತು. ಫೋಟೋದಲ್ಲಿ ಮಗಳು, ಕೆಳಗೆ ಐದನೆಯ ಸಾಲು. ಮಾರನೆಯ ಬೆಳಿಗ್ಗೆ ಆಫೀಸಿಗೆ ಬಂದು, ನಾವು ಮಗಳಿಗೆ ಕೊಟ್ಟಿದ್ದ ಕಿವಿ ಮಷೀನನ್ನು ಡಬ್ಬಿಯ ಸಮೇತ ಮೇಜಿನ ಮೇಲಿಟ್ಟರು.

"ಇದನ್ನ ಜನ ಅಪ್ಪ ಇಲ್ಲದ ಮಗುಗೆ ಅಂತ ಕೊಟ್ಟಿರೋದು. ನನ್ನ ಮಗಳಿಗೆ ಅಪ್ಪ ಇದಾನೆ. ವಾಪಸ್ ತಗೊಳ್ಳಿ."

"ಯಜಮಾನ್ರೇ, ಮೊದ್ಲು ಕೂತ್ಕೊಳ್ಳಿ. ತಪ್ಪಾಗಿದೆ. ಅದಕ್ಕೆ ಆ ಮಗುಗೆ ಯಾಕೆ..." ಎಂದರು ಮೇಡಂ.

"ಕೂರೋಕೆ ಬಂದಿಲ್ಲಮ್ಮಾ. ನಾಲ್ಕು ಬ್ಯಾಗು ಹಂಗೇ ಬಿಟ್ಟು ಬಂದಿದೀನಿ. ಯಾರು ಬರೆದಿದ್ದು?"

ನಾನು ಫೈಲುಗಳ ಕಪಾಟಿನ ಹಿಂದೆ ನಿಂತಿದ್ದೆ. (ಇಲ್ಲಿ "ನಾನೇ" ಎನ್ನುತ್ತ ಮುಂದೆ ಬಂದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಬರಲಿಲ್ಲ.) ಮೇಡಂ ನನ್ನ ಕಡೆ ತಿರುಗಿಯೂ ನೋಡದೆ, "ಆಫೀಸಿಂದ ಆದ ತಪ್ಪು" ಎಂದರು.

ಅವತ್ತಿಂದ ಮಷೀನು ಡಬ್ಬಿಯಲ್ಲಿ, ಹುಡುಗಿ ಮನೆಯಲ್ಲಿ. ಕ್ಲಾಸಿನ ಟೀಚರ್ ದಿನಾ ಕೇಳುತ್ತಾರೆ: "ಈಗ ತಾನೇ ಬಾಯಿ ಬಿಡ್ತಿದ್ಲು. ಹಿಂಗೇ ತಿಂಗಳು ಕಳೆದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕು, ಗೊತ್ತಾ?"

೫

ಇಲ್ಲಿಯವರೆಗೆ ಓದಿದ ಮೇಡಂ ಕಥೆಯೊಳಗಿಂದಲೇ ರೇಗಿದರು. "ನನ್ನ ವಿಲನ್ ಮಾಡ್ಬೇಡ ತಾಯಿ. ಊರವರ ಮುಂದೆಲ್ಲ ಕೈ ಚಾಚಿ ಚಾಚಿ ನನ್ನ ಮಾನ ಸವೆದುಹೋಗಿದೆ. ಆದ್ರೆ ಅರವತ್ತು ಮಕ್ಕಳಿಗೆ ಕಿವಿ ಕೇಳಿಸ್ತಿದೆ. ಅದನ್ನೂ ಬರಿ."

ನಿಜ ಮೇಡಂ. ಬರೆದಿದ್ದೇನೆ. ಮಷೀನು ಹಾಕಿದ ದಿನ ಆ ಹುಡುಗಿ ಪ್ಲಾಸ್ಟಿಕ್ ಕವರೊಂದನ್ನು ಮುದುರುತ್ತ, ಬಿಡಿಸುತ್ತ, ಮತ್ತೆ ಮುದುರುತ್ತ ಕಿವಿಯ ಪಕ್ಕ ಹಿಡಿದು ನಗುತ್ತಿದ್ದಳು. (ಇದೂ ಕರಪತ್ರದ ಸಾಲಿನ ಹಾಗಿದೆ. ಆದರೆ ಆದದ್ದೇ ಹಾಗೆ, ನಾನೇನು ಮಾಡಲಿ?)

೬

ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ನೀವೂ ಕೇಳಲಿಲ್ಲ. ಸತ್ತ ಎಂದು ಬರೆಯಬಹುದಿತ್ತು. ಬಿಟ್ಟು ಹೋದ ಎಂದೇ ಯಾಕೆ ಬರೆದೆ?

ಬಿಟ್ಟು ಹೋದದ್ದು ನನ್ನ ಅಪ್ಪ. ಆ ವರ್ಷವೇ ನಾನು ಶಾಲೆ ಬಿಟ್ಟದ್ದು. ಒಬ್ಬ ತಾಯಿಯ ಮನೆಯಲ್ಲಿ ನೀರು ಕುಡಿದು, ನಮ್ಮ ಮನೆಯ ಅವಮಾನವನ್ನು ಅಲ್ಲಿಟ್ಟು ಬಂದೆ.

೭

ಮುಕ್ತಾಯ ಒಂದು: ಚೀಟಿ ಅಂಟಿಸಿದ ಕರಪತ್ರವನ್ನು ನೋಡಿ ಹುಡುಗಿಯ ಅಪ್ಪನ ಸಿಟ್ಟು ಇಳಿಯುತ್ತದೆ. (ಚೀಟಿಯನ್ನು ಬೆಳಕಿಗೆ ಹಿಡಿದರೆ ಒಳಗಿನ ಸಾಲು ಓದಬಹುದು. ನಾನು ಹಿಡಿದು ನೋಡಿದೆ.)

ಮುಕ್ತಾಯ ಎರಡು: ಗಂಡನಿಗೆ ಗೊತ್ತಾಗದಂತೆ ತಾಯಿ ಬಂದು ಡಬ್ಬಿ ಒಯ್ಯುತ್ತಾರೆ. ಅರ್ಧ ಬರೆದಿದ್ದೆ, ಅಷ್ಟರಲ್ಲಿ ಅವರೇ ತಡೆದರು. "ಗಂಡ ಬಿಟ್ಟೋಳು ಅಂತ ಬರೆದೆ. ಈಗ ಗಂಡನ ಕಣ್ಣು ತಪ್ಪಿಸಿ ಓಡಾಡೋಳು ಅಂತ ಬರೀತೀಯಾ? ನಿನಗೆ ನಾವೇನು ಮಾಡಿದ್ವಿ?"

ಮೂರನೆಯದು ಬರೆದರೆ ಆಗುವುದಿಲ್ಲ. ಎದ್ದು ಹೋಗಬೇಕು.

೮

ಹೋದೆ, ಡಬ್ಬಿ ಹಿಡಿದು, ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ. ಮಂಡಿಗಳ ನಡುವೆ ಶಾಲೆಯ ಬ್ಯಾಗೊಂದನ್ನು ಇಟ್ಟುಕೊಂಡು, ಇಕ್ಕಳದಿಂದ ಜಿಪ್ಪಿನ ರನ್ನರ್ ಬಿಗಿಮಾಡುತ್ತಿದ್ದರು. ತಲೆಯೆತ್ತದೆ, "ಏನ್ ಕೆಟ್ಟಿದೆ ಮಗಳೇ, ಕೊಡು ಇಲ್ಲಿ" ಎಂದರು.

"ಅದನ್ನ ಬರೆದೋಳು ನಾನು. ನಿಮ್ಮನ್ನ ಕೇಳ್ದೆ ಬರೆದೆ."

ಇಕ್ಕಳ ನಿಂತಿತು. ನನ್ನ ಮುಖ ನೋಡಿದರು. ಮತ್ತೆ ಬ್ಯಾಗಿನ ಕಡೆ ಬಗ್ಗಿದರು.

ಇಲ್ಲಿ ಅವರು ಹೇಳಬಹುದಾದ ಮೂರು ಮಾತು ನನ್ನ ಹತ್ತಿರ ಸಿದ್ಧವಾಗಿವೆ, ಮೂರೂ ಚೆನ್ನಾಗಿವೆ. ಬರೆಯುವುದಿಲ್ಲ. ಒಮ್ಮೆ ಕೇಳದೆ ಬರೆದದ್ದು ಸಾಕು. ಅವರೇ ಹೇಳಿದರೆ ಬರೆದುಕೊಳ್ಳುತ್ತೇನೆ. ಅವರು ಹೇಳುವವರೆಗೆ ನೀವೂ ನನ್ನ ಜೊತೆ ಇಲ್ಲೇ ನಿಂತಿರಬೇಕಾಗುತ್ತದೆ.

ಡಬ್ಬಿಯನ್ನು ಮುಂದೆ ಹಿಡಿದೆ.

"ಅಣ್ಣಾ, ಇದನ್ನ ಅವಳಿಗೆ ಕೊಡಿ."