ಹತ್ತನೇ ತಾರೀಕಿನ ಬಚ್ಚಲುಮನೆ

ಬೆಳಿಗ್ಗೆ ಒಂಬತ್ತಾಯಿತೆಂದರೆ ಆ ಮನೆಯೊಳಗಿಂದ ಸುತ್ತಿಗೆಯ ಸದ್ದು ಶುರುವಾಗುತ್ತಿತ್ತು. ಅರ್ಧ ಗಂಟೆ ಬಡಿತ, ಸ್ವಲ್ಪ ವಿಶ್ರಾಂತಿ, ಮತ್ತೆ ಅರ್ಧ ಗಂಟೆ ಬಡಿತ. ಪಕ್ಕದ ಮನೆಯವರಿಗೆ ತಲೆ ಚಿಟ್ಟು ಹಿಡಿದಿತ್ತು, ಆದರೂ ಕೆಲಸ ಭರದಿಂದ ಸಾಗಿದೆ ಎಂದು ಸಮಾಧಾನ ಮಾಡಿಕೊಂಡಿದ್ದರು. ಒಳಗೆ ಇಣುಕಿದ್ದರೆ ಅವರಿಗೆ ಬೇರೆಯದೇ ಕಾಣುತ್ತಿತ್ತು. ವಯಸ್ಸಾದ ಗಾರೆಯವನೊಬ್ಬ ಕುಕ್ಕರುಗಾಲಲ್ಲಿ ಕೂತು, ಯಾವ ಕೆಲಸಕ್ಕೂ ಬಾರದ ಒಂದು ಇಟ್ಟಿಗೆ ತುಂಡನ್ನು ಸುಮ್ಮನೆ ಬಡಿಯುತ್ತಿದ್ದ.

ಇದು ಗುತ್ತಿಗೆದಾರನ ಉಪಾಯ. ಒಂದೇ ಸಲಕ್ಕೆ ಮೂರು ಕಡೆ ಕೆಲಸ ಹಿಡಿಯುವುದು, ಯಾರು ಹೆಚ್ಚು ಕೂಗಾಡುತ್ತಾರೋ ಅವರ ಕಡೆಗೆ ಆಳುಗಳನ್ನೆಲ್ಲ ಓಡಿಸುವುದು, ಉಳಿದ ಎರಡು ಕಡೆ ಸದ್ದು ಮಾಡಲು ಒಬ್ಬೊಬ್ಬನನ್ನು ಬಿಡುವುದು. ಆಳುಗಳು ಇದಕ್ಕೆ ‘ಹಾಜರಿ ಬಡಿತ’ ಎಂದು ಹೆಸರಿಟ್ಟು ತಮ್ಮತಮ್ಮಲ್ಲೇ ನಗುತ್ತಿದ್ದರು.

ಹಾಗೆಂದು ಅವನು ಕೆಟ್ಟವನಲ್ಲ. ಸಿಮೆಂಟಿನಲ್ಲಿ ಮೋಸ ಮಾಡಿದವನಲ್ಲ, ಕಟ್ಟಿದ ಗೋಡೆ ಬಿರುಕು ಬಿಟ್ಟದ್ದಿಲ್ಲ. ಅವನಿಗಿದ್ದದ್ದು ಒಂದೇ ಕಾಯಿಲೆ, ಯಾರು ಏನು ಕೇಳಿದರೂ ‘ಆಗುತ್ತೆ’ ಎನ್ನುವುದು. ಕಿಟಕಿ ದೊಡ್ಡದು ಮಾಡಬಹುದಾ? ಆಗುತ್ತೆ. ಮುಂದಿನ ವಾರ ಮುಗಿಯುತ್ತಾ? ಆಗುತ್ತೆ. ಎದುರಿಗಿರುವವರ ಮುಖ ಸಪ್ಪಗಾಗುವುದನ್ನು ಅವನು ನೋಡಲಾರ. ಆ ಮುಖ ನಾಲ್ಕು ವಾರದ ಮೇಲೆ ಇನ್ನೂ ಸಪ್ಪಗಾಗುತ್ತದೆ ಎಂಬುದು ಆಗ ನೆನಪಾಗುತ್ತಿರಲಿಲ್ಲ. ಊಟಕ್ಕೆ ಬರುತ್ತೇನೆ ಎಂದು ಅವನು ಹೇಳಿಹೋದ ದಿನ ಅವನ ಹೆಂಡತಿ ತಟ್ಟೆಯನ್ನೇ ಇಡುತ್ತಿರಲಿಲ್ಲ.

ಈ ಮನೆ ಒಬ್ಬ ಹೊಲಿಗೆಯವಳದ್ದು. ಅವಳ ಗಂಡ ಇಪ್ಪತ್ತಾರು ವರ್ಷ ಬಸ್ಸು ಓಡಿಸಿದ ಚಾಲಕ. ಎರಡು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಅವನ ಒಂದು ಮಗ್ಗುಲು ಸೋತುಹೋಗಿತ್ತು. ಆಸ್ಪತ್ರೆಯಲ್ಲಿ ಈಗ ನಡಿಗೆಗೋಲು ಹಿಡಿದು ಹತ್ತು ಹೆಜ್ಜೆ ಹಾಕುವಷ್ಟಾಗಿದ್ದ. ಮನೆಯ ಬಚ್ಚಲು ಹಿತ್ತಲಲ್ಲಿ, ಮೂರು ಮೆಟ್ಟಿಲು ಇಳಿದು ಹೋಗಬೇಕು. ಬೇರೆಯವರ ಕೈಯಲ್ಲಿ ಮೈ ತೊಳೆಸಿಕೊಳ್ಳುವುದು ಆಸ್ಪತ್ರೆಗೇ ಸಾಕು, ಮನೆಯಲ್ಲಿ ಬೇಡ ಎಂದು ಅವನು ಹಟ ಹಿಡಿದಿದ್ದ. ಅದಕ್ಕೇ ಮಲಗುವ ಕೋಣೆಗೆ ಹೊಂದಿಕೊಂಡಂತೆ ಒಂದು ಬಚ್ಚಲುಮನೆ ಕಟ್ಟಿಸುತ್ತಿದ್ದರು. ಅವನನ್ನು ಮನೆಗೆ ಕರೆತರುವ ಹತ್ತನೇ ತಾರೀಕಿಗೆ ಸಿದ್ಧವಾಗಬೇಕು ಎಂದು ಹೊಲಿಗೆಯವಳು ಕೇಳಿದ್ದಳು. ಗುತ್ತಿಗೆದಾರ ಏನು ಹೇಳಿದ್ದ ಎಂದು ಬೇರೆ ಹೇಳಬೇಕಾಗಿಲ್ಲ.

ಏಳನೇ ತಾರೀಕು ಅವಳು ಬಂದಳು. ಗುತ್ತಿಗೆದಾರನೂ ಆಗಷ್ಟೇ ಬಂದಿದ್ದ. ಪೈಪು ಎಳೆದಾಗಿತ್ತು, ಗೋಡೆಗೆ ಅರ್ಧ ಗಾರೆ ಬಿದ್ದಿತ್ತು, ನೆಲ ಹಾಗೇ ಇತ್ತು. ಅವನು ಬೈಗುಳಕ್ಕೆ ಸಿದ್ಧನಾಗಿ, ಟೈಲ್ಸ್ ಅಂಗಡಿಯವನ ಮೇಲೆ ಹಾಕಬೇಕಾದ ತಪ್ಪನ್ನೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ. ಅವಳು ಬೈಯಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿದ್ದೆಗೆಟ್ಟ ಕಣ್ಣಿನಿಂದ ಒಳಗೆಲ್ಲ ನೋಡಿ, ಇಂಥ ಕೆಲಸ ಹೊರಗಿನವರಿಗೆ ಅರ್ಥವಾಗುವುದಿಲ್ಲ, ಕೊನೆಗೆ ಎಲ್ಲ ಒಟ್ಟಿಗೇ ಆಗಿಬಿಡುತ್ತದೇನೋ ಅಂದುಕೊಂಡಳು.

“ಡಾಕ್ಟರು ಇನ್ನೂ ಎರಡು ವಾರ ಇಟ್ಕೊಂಡು ಚೆನ್ನಾಗಿ ವ್ಯಾಯಾಮ ಮಾಡಿಸ್ಲಾ ಅಂತ ಕೇಳಿದ್ರು, ಮೇಸ್ತ್ರಿ. ಹಾಸಿಗೆ ಬೇಕೋ ಬೇಡ್ವೋ ಇವತ್ತು ಸಂಜೆ ಒಳಗೆ ಹೇಳ್ಬೇಕಂತೆ, ಕಾಯ್ತಾ ಇರೋರು ಬೇರೆ ಇದಾರಂತೆ. ನಾನು ಬೇಡ ಅಂತಿದೀನಿ. ಮನೇಲಿ ಎಲ್ಲ ತಯಾರಾಗುತ್ತೆ ಅಂತ ನೀವು ಹೇಳಿದೀರಲ್ಲ.”

“ಆಗುತ್ತೆ ಅಕ್ಕ,” ಎಂದ ಗುತ್ತಿಗೆದಾರ. ಬಾಯಿ ತಾನಾಗೇ ಹೇಳಿಬಿಟ್ಟಿತ್ತು.

ಅವಳು ಹೋದ ಮೇಲೆ ಅವನು ಲೆಕ್ಕ ಹಾಕತೊಡಗಿದ. ಉಳಿದೆರಡು ಕಡೆಯ ಆಳುಗಳನ್ನೆಲ್ಲ ಇಲ್ಲಿಗೆ ಎಳೆದರೆ, ನೆಲಕ್ಕೆ ಸೋರದ ಲೇಪ ಬಳಿದು, ಸೋರುತ್ತದೋ ಎಂದು ಎರಡು ದಿನ ನೀರು ನಿಲ್ಲಿಸಿ ನೋಡುವುದನ್ನು ಬಿಟ್ಟು, ಹಸಿಯ ಮೇಲೇ ಟೈಲ್ಸ್ ಕೂರಿಸಿದರೆ ಹತ್ತಕ್ಕೆ ಮುಗಿದಂತೆ ಕಾಣಿಸಬಹುದು. ಅದನ್ನೇ ಗಾರೆಯವನಿಗೆ ಹೇಳಿದ.

ಗಾರೆಯವನು ಸುತ್ತಿಗೆ ಕೆಳಗಿಟ್ಟ. ಅವನು ಹೆಚ್ಚು ಮಾತಿನವನಲ್ಲ. “ಹಸಿ ಮೇಲೆ ಹಾಕಿದ ಟೈಲ್ಸ್ ಎರಡು ತಿಂಗಳಿಗೆ ಎದ್ದು ಬರುತ್ತೆ. ನಿಮಗೂ ಗೊತ್ತು, ನನಗೂ ಗೊತ್ತು. ಕಾಲೆಳೆದುಕೊಂಡು ಬರೋ ಮನುಷ್ಯ ಅದಕ್ಕೆ ಎಡವಿದ್ರೆ ಯಾರು ಹೊಣೆ? ನಾನಂತೂ ಹಾಕಲ್ಲ. ಇಟ್ಟಿಗೆ ಬಡಿಯೋಕೂ ಇನ್ನು ನನಗೆ ಹೇಳ್ಬೇಡಿ.”

ಗುತ್ತಿಗೆದಾರನಿಗೆ ಸಿಟ್ಟು ನೆತ್ತಿಗೇರಿತು. ಇಲ್ಲ ಎಂದರೆ ಜನ ಬೇರೆ ಮೇಸ್ತ್ರಿಯ ಹತ್ತಿರ ಹೋಗುತ್ತಾರೆ, ಅವರಿಗೆ ಬೇಕಾದದ್ದು ತಾರೀಕು, ನಿಜವಲ್ಲ, ಹತ್ತು ಹೇಳಿದವನಿಗೆ ಕೆಲಸ ಸಿಗುತ್ತದೆ, ಇಪ್ಪತ್ತೆರಡು ಹೇಳಿದವನು ಮನೆಯಲ್ಲಿ ಕೂರುತ್ತಾನೆ ಎಂದೆಲ್ಲ ವಾದಿಸಿದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಗಾರೆಯವನು ಎಲ್ಲಕ್ಕೂ ತಲೆಯಾಡಿಸಿ, ಹಾಗಾದರೆ ನಿಜವಾದ ತಾರೀಕು ಇಪ್ಪತ್ತೆರಡು ಎಂದು ನಿಮಗೆ ಮೊದಲೇ ಗೊತ್ತಿತ್ತು ಅಂದಹಾಗಾಯಿತು ಎಂದಷ್ಟೇ ಹೇಳಿ ಕೈ ತೊಳೆಯಲು ಹೋದ. ಆ ಅರೆಬರೆ ನೆಲ ನೋಡಿ ಗುತ್ತಿಗೆದಾರನಿಗೆ ನಾಚಿಕೆಯಾಯಿತು.

ಮಧ್ಯಾಹ್ನ ನಾಲ್ಕಕ್ಕೆ ಅವನು ಆಸ್ಪತ್ರೆಯಲ್ಲಿದ್ದ. ಬಾಗಿಲಲ್ಲೇ ಎರಡು ಸಲ ಹಿಂದೆ ತಿರುಗಿ, ಮೂರನೇ ಸಲ ಒಳಗೆ ಹೋದ. ಚಾಲಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಹೊಲಿಗೆಯವಳು ಈಗಲೇ ಅವನ ಅಂಗಿಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದಳು.

“ಅಣ್ಣ, ಹತ್ತನೇ ತಾರೀಕಿಗೆ ಆಗಲ್ಲ,” ಎಂದ ಗುತ್ತಿಗೆದಾರ. ಇನ್ನೇನಾದರೂ ಸೇರಿಸಿದರೆ ಮಾತು ಎಲ್ಲಿ ಜಾರುತ್ತದೋ ಎಂದು ಅಲ್ಲಿಗೇ ನಿಲ್ಲಿಸಿದ.

ಚಾಲಕ ಕಿಟಕಿಯ ಕಡೆ ಮುಖ ತಿರುಗಿಸಿದ. ಹೊಲಿಗೆಯವಳ ಕೈಯಲ್ಲಿದ್ದ ಅಂಗಿ ಹಾಗೇ ಉಳಿಯಿತು. ಬೆಳಿಗ್ಗೆ ಆಗುತ್ತೆ ಅಂದಿದ್ದು ಯಾರು ಎಂದು ಅವಳು ಮೆಲ್ಲಗೆ ಕೇಳಿದಳು. ಅವನು ಏನನ್ನೂ ಮುಚ್ಚಿಡಲಿಲ್ಲ. ಆಳುಗಳನ್ನು ಬೇರೆ ಕಡೆ ಕಳಿಸಿದ್ದು, ಸದ್ದಿಗೆಂದೇ ಒಬ್ಬನನ್ನು ಕೂರಿಸಿದ್ದು, ನೀರು ನಿಲ್ಲಿಸದೆ ಟೈಲ್ಸ್ ಹಾಕಲು ಯೋಚಿಸಿದ್ದು, ಕೆಲಸ ಮುಗಿಯುವುದು ಇಪ್ಪತ್ತೆರಡಕ್ಕೇ ಎಂಬುದು ಎಲ್ಲ ಹೇಳಿಬಿಟ್ಟ.

“ನಾನೂ ಹೊಲಿಗೆಯವಳೇ ಮೇಸ್ತ್ರಿ,” ಎಂದಳು ಅವಳು. “ಕತ್ತರಿ ಹಾಕದ ಬಟ್ಟೆಗೂ ನಾಳೆ ಬನ್ನಿ ಅಂತ ಎಷ್ಟೋ ಸಲ ಹೇಳಿದೀನಿ. ಆದ್ರೆ ಅಂಗಿ ತಡವಾದ್ರೆ ಯಾರೂ ಜಾರಿ ಬೀಳಲ್ಲ.”

ಆ ಮಾತಿಗಿಂತ ಅವಳು ನಾಲ್ಕು ಬಿಗಿದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಅವಳು ಮಾತ್ರ ಚೀಲವನ್ನು ಅಲ್ಲೇ ಬಿಟ್ಟು, ಹಾಸಿಗೆ ಇನ್ನೂ ಎರಡು ವಾರ ಬೇಕು ಎಂದು ಹೇಳಲು ನರ್ಸ್ ಹತ್ತಿರ ಓಡಿದಳು. ಬೇರೆಯವರಿಗೆ ಕೊಟ್ಟಾಗಿದ್ದರೆ ಏನು ಗತಿ ಎಂದು ಗುತ್ತಿಗೆದಾರ ಬಾಗಿಲನ್ನೇ ನೋಡುತ್ತಿದ್ದ. ಅವಳು ತಿರುಗಿ ಬಂದು, ಇನ್ನೂ ಕೊಟ್ಟಿಲ್ಲ, ಇರಬಹುದಂತೆ ಎಂದಳು.

ಆಗ ಚಾಲಕ ಮುಖ ತಿರುಗಿಸಿದ. ಅವನ ಮಾತು ಸ್ವಲ್ಪ ತೊದಲುತ್ತಿತ್ತು. ಬಸ್ಸು ಇನ್ನೇನು ಹೊರಡುತ್ತೆ ಎಂದು ತಾನೂ ಜನರನ್ನು ಬಿಸಿಲಲ್ಲಿ ನಿಲ್ಲಿಸಿದವನೇ, ಒಂದು ಗಂಟೆ ತಡ ಎಂದು ಹೇಳಿದ್ದರೆ ಪಾಪ ನೆರಳಿಗಾದರೂ ಹೋಗುತ್ತಿದ್ದರು ಎಂದು ಸೊಟ್ಟಗೆ ನಕ್ಕ. ಆಮೇಲೆ ಏನೇನು ಬಾಕಿಯಿದೆ ಎಂದು ಒಂದೊಂದಾಗಿ ಕೇಳಿದ. ಗಾರೆ, ಲೇಪ, ನೀರು ನಿಲ್ಲಿಸುವುದು, ಟೈಲ್ಸ್, ಬಾಗಿಲು, ಗೋಡೆಗೆ ಹಿಡಿಕೆ.

“ಹಿಡಿಕೆ ಯಾವ ಕಡೆ?” ಎಂದ ಚಾಲಕ.

“ಎಡಗಡೆ ಗೋಡೆಗೆ ಅಣ್ಣ.”

ಚಾಲಕ ತೊಡೆಯ ಮೇಲೆ ಬಿದ್ದಿದ್ದ ತನ್ನ ಎಡಗೈಯನ್ನು ಬಲಗೈಯಿಂದ ಎತ್ತಿ ತೋರಿಸಿದ, ಬಿಟ್ಟ. ಅದು ಮತ್ತೆ ತೊಡೆಯ ಮೇಲೆ ಬಿತ್ತು.

ಇಷ್ಟು ದಿನದಲ್ಲಿ ಗುತ್ತಿಗೆದಾರ ಇವರಿಗೆ ಎಷ್ಟೋ ಸಲ ಹೂಂಗುಟ್ಟಿದ್ದ. ಈ ಒಂದು ಪ್ರಶ್ನೆಯನ್ನು ಮಾತ್ರ ಕೇಳಿರಲಿಲ್ಲ. ಅಲ್ಲಿಂದಲೇ ಗಾರೆಯವನಿಗೆ ಫೋನು ಮಾಡಿ, ಎಡಗೋಡೆಗೆ ಕೊರೆಯಬಾರದು, ಹಿಡಿಕೆ ಬಲಕ್ಕೆ, ನಾಳೆ ಎಲ್ಲರೂ ಇದೇ ಕೆಲಸಕ್ಕೆ ಎಂದ. ಉಳಿದ ಎರಡು ಮನೆಯವರಿಗೂ ಸಂಜೆ ತಾನೇ ಹೋಗಿ ನಿಜ ಹೇಳುವುದಾಗಿ ತಿಳಿಸಿದ. ನಂತರ ಚಾಲಕನ ಮುಂದೆ ನೆಲದ ಮೇಲೆ ಮಂಡಿಯೂರಿ ಕೂತ.

“ಏಳೋಕೆ ಯಾವ ಎತ್ತರಕ್ಕೆ ಆಸರೆ ಬೇಕು, ಕೈ ಅಲ್ಲಿ ಹಿಡೀರಿ ಅಣ್ಣ.”

ಚಾಲಕ ಬಲಗೈ ಚಾಚಿ ಗಾಳಿಯಲ್ಲಿ ಮುಷ್ಟಿ ಕಟ್ಟಿದ. ಗುತ್ತಿಗೆದಾರ ನೆಲದಿಂದ ಟೇಪು ಎಳೆದ. ಅವನು ಅಂದಾಜಿನಲ್ಲಿ ಗುರುತು ಹಾಕಿಸಿದ್ದಕ್ಕಿಂತ ಅದು ಏಳು ಇಂಚು ಕೆಳಗಿತ್ತು.

“ಇಪ್ಪತ್ತೆರಡು ಅನ್ನೋದಾದ್ರೂ ನಿಜವಾದ ತಾರೀಕಾ?” ಎಂದು ಹೊಲಿಗೆಯವಳು ಹಿಂದಿನಿಂದ ಕೇಳಿದಳು.

“ನೀರು ನಿಲ್ಲಿಸಿ ನೋಡಿದಾಗ ಸೋರದೇ ಇದ್ರೆ ಇಪ್ಪತ್ತೆರಡು ಅಕ್ಕ. ಸೋರಿದ್ರೆ ಇಪ್ಪತ್ತಾರು. ಸೋರಿದ ದಿನವೇ ಬಂದು ಹೇಳ್ತೀನಿ.”

ಅವಳು ನಂಬಿದಳೋ ಇಲ್ಲವೋ, ಚೀಲದಿಂದ ಅಂಗಿಗಳನ್ನು ಒಂದೊಂದಾಗಿ ತೆಗೆದು ಮತ್ತೆ ಹಾಸಿಗೆಯ ಪಕ್ಕದ ಕಪಾಟಿನಲ್ಲಿ ಇಡತೊಡಗಿದಳು.

“ಬೇಗ ಬರ್ಕೊಳ್ಳಿ ಮೇಸ್ತ್ರಿ,” ಎಂದ ಚಾಲಕ, ಮುಷ್ಟಿ ಕದಲಿಸದೆ. “ಕೈ ಸೋಲ್ತಾ ಇದೆ.”