ಗಾಡಿಯೊಳಗಿನ ಮಡಿ ಸೀರೆ

“ಇದು ಒಣಗೂದು ಯಾವ ಯುಗದಲ್ಲಿ?”

ಗೋದಾವರಿ ಅತ್ತೆ ಇದನ್ನು ಯಾರನ್ನೂ ನೋಡಿ ಕೇಳಲಿಲ್ಲ. ನನ್ನನ್ನಲ್ಲ, ನನ್ನ ತಮ್ಮ ವಿಘ್ನೇಶ್ವರನನ್ನಲ್ಲ, ಮುಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಕೂತಿದ್ದ ಲೋಕೇಶನನ್ನೂ ಅಲ್ಲ. ಗಾಡಿಯ ಉದ್ದಕ್ಕೂ ಕಟ್ಟಿದ ಹಗ್ಗದ ಮೇಲೆ ಅವರ ಮಡಿ ಸೀರೆ ತೂಗುತ್ತಿತ್ತು. ಅದರ ಅಂಚಿನಿಂದ ಒಂದು ಹನಿ ಇಳಿದು, ಸ್ವಲ್ಪ ಹೊತ್ತು ಯೋಚಿಸಿ, ತಮ್ಮನ ಕುತ್ತಿಗೆಯ ಮೇಲೆ ಬಿತ್ತು.

ಲೋಕೇಶ ಸೀತೂರಿನವನು. ಹಳೆಯ ವ್ಯಾನೊಂದರ ಸೀಟು ಕಿತ್ತು, ಮೂರು ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು ಕೂರಿಸಿ, ಬಾಗಿಲ ಮೇಲೆ ‘ಕ್ಯಾಂಪರ್ ವ್ಯಾನ್’ ಎಂದು ಬರೆಸಿದ್ದ. ಅತ್ತೆ ಅದನ್ನು ಮನೆ ಗಾಡಿ ಎನ್ನುತ್ತಿದ್ದರು.

ಅತ್ತೆಗೆ ಎಪ್ಪತ್ತಮೂರು. ಹಿರೇಕೊಡಿಗೆಯ ಮನೆಯಲ್ಲಿ ನಲವತ್ತೊಂದು ವರ್ಷ, ಧನುರ್ಮಾಸದ ಒಂದು ದಿನವನ್ನೂ ತಪ್ಪಿಸದೆ, ಸೂರ್ಯ ಹುಟ್ಟುವ ಮೊದಲು ಮಡಿಯುಟ್ಟು ಹುಗ್ಗಿ ಬೇಯಿಸಿ ದೇವರಿಗೆ ನೈವೇದ್ಯ ಮಾಡಿದವರು. ಮಡಿ ಎಂದರೆ ಒಗೆದು ಹರವಿದ ಮೇಲೆ ಇನ್ನೊಬ್ಬರ ಕೈ ತಾಗದ ಬಟ್ಟೆ. ಒಮ್ಮೆಯಾದರೂ ಆ ಹುಗ್ಗಿ ತುಂಗೆಯ ದಂಡೆಯಲ್ಲಿ ಆಗಬೇಕೆಂಬುದು ಅವರ ಆಸೆ. ಶೃಂಗೇರಿಯ ಲಾಡ್ಜಿನವರು ಕೋಣೆಯಲ್ಲಿ ಒಲೆ ಹಚ್ಚಲು ಬಿಡುವುದಿಲ್ಲ. ಅದಕ್ಕಾಗಿ ಈ ಗಾಡಿ.

ತಂದದ್ದು ಎರಡು ಮಡಿ ಸೀರೆ. ಮೊದಲ ದಿನ ನರಸಿಂಹರಾಜಪುರದ ಹಿನ್ನೀರಿನ ಹತ್ತಿರ ಎಲ್ಲ ಸಾಂಗವಾಗಿ ನಡೆಯಿತು. ಎರಡನೆಯ ದಿನ ಒಣಗಿದ್ದ ಒಂದನ್ನು ವಿಘ್ನೇಶ್ವರ ಕಿಟಕಿಯ ಪರದೆ ಎಂದುಕೊಂಡು ಎಳೆದು ಮುಚ್ಚಿದ. ಉಳಿದದ್ದು ಸಂಜೆ ಹೊಳೆಯಲ್ಲಿ ಒಗೆದ ಈ ಒಂದೇ. ಒಗೆಯದೆಯೂ ಮಡಿಗೆ ಸಲ್ಲುವ ರೇಷ್ಮೆಯ ಪಟ್ಟೆ ಸೀರೆ ಇದ್ದಿದ್ದರೆ ಈ ಪಾಡು ಬರುತ್ತಿರಲಿಲ್ಲ. ಆದರೆ ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಅಲ್ಲಿ ಬಿಟ್ಟು ಬರಬೇಕಲ್ಲ. ಅತ್ತೆ ಬಹಳ ಯೋಚಿಸಿ ಬದನೆಕಾಯಿಯನ್ನು ಉಳಿಸಿಕೊಂಡು ಪಟ್ಟೆಯನ್ನು ಬಿಟ್ಟಿದ್ದರು.

ಗಾಡಿ ನಿಂತದ್ದು ಶೃಂಗೇರಿಗೆ ತುಸು ಈಚೆ, ಲೋಕೇಶನ ಪರಿಚಯದವರ ಅಂಗಳದಲ್ಲಿ. ಅಲ್ಲಿಂದ ಹೊಳೆಗೆ ಹತ್ತು ಮೆಟ್ಟಿಲು. ಕತ್ತಲಾಗುವ ಹೊತ್ತಿಗೇ ಮಂಜು ಇಳಿದಿತ್ತು, ಹೊರಗೆ ಹರವುವ ಹಾಗಿರಲಿಲ್ಲ. ಒಳಗೆ ಕಿಟಕಿ ಮುಚ್ಚಿ ನಾಲ್ಕು ಜನ ಉಸಿರಾಡುತ್ತಿದ್ದರಿಂದ ತಗಡಿನ ಗೋಡೆ ಬೆವರುತ್ತಿತ್ತು. ಸೀರೆಗೆ ತಾಗಬಾರದೆಂದು ನಾವು ಕಷಾಯ ಕುಡಿಯಲಿಕ್ಕೂ ಮಂಡಿಯೂರಿಯೇ ಹೋಗಬೇಕಿತ್ತು. ನನಗೇನೂ ಕಷ್ಟವಾಗಲಿಲ್ಲ. ಅಪ್ಪ ಸಂಜೆ ಕಾವ್ಯ ಓದುವಾಗ ಮೂಲೆಯಲ್ಲಿ ಮೈ ಮುದುಡಿ ಕೂತು ಕೇಳಿ ಬೆಳೆದವಳು ನಾನು. ತಮ್ಮ ಮಾತ್ರ ಆಗಲೂ ನಡುವೆ ಎದ್ದು ಓಡುತ್ತಿದ್ದ.

“ಕಿಟಕಿ ಎರಡು ಬೆರಳು ತೆಗೀರಿ ಸಾರ್,” ಎಂದ ಲೋಕೇಶ.

“ಚಳಿ ಒಳಗೆ ಬರ್ತದಲ ಮಾರಾಯ.”

“ಚಳಿ ಬರ್ತದೆ, ಹಸಿ ಹೋಗ್ತದೆ. ಮುಚ್ಚಿದ್ರೆ ನಿಮ್ಮ ಉಸಿರೇ ನೀರಾಗಿ ನಿಮ್ಮ ತಲೆ ಮೇಲೆ ಬೀಳ್ತದೆ.”

ವಿಘ್ನೇಶ್ವರ ಕಿಟಕಿ ತೆಗೆಯಲಿಲ್ಲ. ಅಂಗಳದ ಮನೆಯಿಂದ ಒಂದು ಅಗ್ಗಿಷ್ಟಿಕೆ ತುಂಬ ನಿಗಿನಿಗಿ ಕೆಂಡ ತಂದು ಸೀರೆಯ ಕೆಳಗೆ ಇಡಲೆಂದು ಬಾಗಿಲಲ್ಲಿ ಬಗ್ಗಿದ. ಲೋಕೇಶ ಕಂಬಳಿಯೊಳಗಿಂದಲೇ ಕಾಲು ಚಾಚಿ ಬಾಗಿಲಿಗೆ ಅಡ್ಡ ಹಾಕಿದ.

“ಅದು ಒಳಗೆ ಬರೂ ಹಾಗಿಲ್ಲ.”

“ನಮ್ಮ ಬಚ್ಚಲೊಲೆ ವರ್ಷವಿಡೀ ಉರೀತದೆ. ಯಾರಿಗೆ ಎಂತ ಆಗಿದೆ?”

“ನಿಮ್ಮ ಬಚ್ಚಲ ಹೆಂಚಿನ ಸಂದೀಲಿ ಬೆಕ್ಕು ಹತ್ತಿ ಇಳೀತದೆ ಸಾರ್. ಇದು ಡಬ್ಬಿ. ಕೆಂಡದ ವಿಷಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಒಳ್ಳೆ ನಿದ್ದೆ ಬಂತು ಅಂತ ಮಲಗ್ತೀರಿ. ಎಬ್ಬಿಸಲಿಕ್ಕೆ ಪೊಲೀಸರು ಬರಬೇಕು.”

“ಕೊಪ್ಪದ ಅರ್ಧ ಊರಿಗೆ ಜೀವವಿಮೆ ಮಾಡಿಸಿದ ಏಜೆಂಟ್ ನಮ್ಮ ವಿಘ್ನೇಶ್ವರ,” ಎಂದರು ಅತ್ತೆ, ಸೀರೆಯ ಆಚೆಯಿಂದ. “ಮಾಣಿ, ಕೆಂಡ ಹೊರಗಿಡು.”

ಕೆಂಡ ಹೊರಗುಳಿಯಿತು. ಕಿಟಕಿಯನ್ನು ಲೋಕೇಶನೇ ಎರಡು ಬೆರಳು ತೆಗೆದ. ಅವನು ಇಡೀ ಗಾಡಿಯನ್ನು ಒಂದು ಜೀವದಂತೆ ನೋಡಿಕೊಳ್ಳುತ್ತಿದ್ದ, ಅದಕ್ಕೂ ಉಸಿರು ಬೇಕು ಎಂಬಂತೆ.

ಬೆಳಗಿನ ಐದಕ್ಕೆ ಎದ್ದಾಗ ಗೋಡೆಗಳು ಒಣಗಿದ್ದವು. ಸೀರೆ ಮಾತ್ರ ಹಸಿಯಾಗಿಯೇ ಇತ್ತು. ಅತ್ತೆ ಆಗಲೇ ಬಿಸಿನೀರಿನಲ್ಲಿ ಮಿಂದು, ಕೈಯಲ್ಲಿ ಮಡಿಕೋಲು ಹಿಡಿದು ನಿಂತಿದ್ದರು.

“ಒದ್ದೆ ಉಟ್ಟರೂ ಮಡಿಯೇ. ಹಾಗೇ ಉಡ್ತೆ.”

ಕಳೆದ ವರ್ಷ ಧನುರ್ಮಾಸದ ಕೊನೆಯ ದಿನ ಹಾಗೇ ಉಟ್ಟು ನ್ಯುಮೋನಿಯಾ ಆಗಿ, ಕೊಪ್ಪದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿದ್ದರು. ಇನ್ನೊಮ್ಮೆ ಹೀಗೆ ಮಾಡಿದರೆ ತಾನು ಜವಾಬ್ದಾರನಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅತ್ತೆ ಶುಭಸಮಾಚಾರದಂತೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಈಗ ನಾನು ಬಾಗಿಲಿಗೆ ಅಡ್ಡ ನಿಂತೆ.

“ಬೇಡ ಅತ್ತೆ.”

“ಸೂರ್ಯ ಕಾಯ್ತನಾ ಕೂಸೇ?”

ಲೋಕೇಶ ಕೈಗಡಿಯಾರ ನೋಡಿದ. “ಇಂಜಿನ್ ಬಿಸಿ ಆದ್ರೆ ಹೀಟರ್ ಗಾಳಿ ಬರ್ತದೆ ಅಮ್ಮ. ನಿಂತಲ್ಲೇ ಅಷ್ಟು ಬಿಸಿ ಆಗೂದಿಲ್ಲ, ಓಡಬೇಕು. ಕೊಪ್ಪದ ರಸ್ತೆಲಿ ಸ್ವಲ್ಪ ದೂರ ಹೋಗಿ ಬರೂದು. ಸೀರೆ ಮುಂದಕ್ಕೆ ಸರಿಸಿ.”

ಅತ್ತೆ ಕೋಲಿನಿಂದ ಸೀರೆಯನ್ನು ಹಗ್ಗದ ಮೇಲೆ ಲೋಕೇಶನ ಬೆನ್ನಿನವರೆಗೆ ತಳ್ಳಿದರು. ಹಾಗೆ ನಾವು ಹೊರಟೆವು: ಎದುರಿಗೆ ಮಂಜು, ಒಳಗೆ ಬಿಸಿಗಾಳಿಗೆ ಉಬ್ಬಿದ ಸೀರೆ, ನೆಲದ ಮೇಲೆ ತಲೆ ತಗ್ಗಿಸಿ ಕೂತ ನಾನು ಮತ್ತು ತಮ್ಮ. ಲೋಕೇಶ ಸೈಕಲ್ಲಿಗಿಂತ ಮೆಲ್ಲಗೆ ಓಡಿಸಿದ. ಹೋಗಿ ತಿರುಗಿ ಬರುವಾಗ ಅತ್ತೆ ಹಗ್ಗದ ಮೇಲಿನ ಮಡಿ ಸೀರೆಯ ಸೆರಗು ಮುಟ್ಟಿ ನೋಡಿ, “ಒಣಗಿತು,” ಎಂದರು. ಅವರ ಮುಖದಲ್ಲಿ ಎರಡು ದಿನಗಳಲ್ಲಿ ಮೊದಲ ಬಾರಿಗೆ ನಗು ಕಂಡಿತು.

ತಿರುವಿನಲ್ಲಿ ರಸ್ತೆಯ ಮಧ್ಯೆ ಒಂದು ಕಾಡುಕೋಣ ನಿಂತಿತ್ತು.

ಲೋಕೇಶ ಬ್ರೇಕ್ ಒತ್ತಿದ. ಗಾಡಿ ನಿಂತಿತು, ಕೋಣ ನಿಂತೇ ಇತ್ತು, ಸೀರೆ ಮಾತ್ರ ನಿಲ್ಲಲಿಲ್ಲ. ಹಗ್ಗದಿಂದ ಜಾರಿ ಲೋಕೇಶನ ತಲೆಯ ಮೇಲೆ ಪೂರ್ತಿ ಮುಸುಕಾಗಿ ಕೂತಿತು. ಅವನು ಎರಡೂ ಕೈ ಮೇಲೆತ್ತಿದ.

“ನಾ ಮುಟ್ಟಲಿಲ್ಲ ಅಮ್ಮ,” ಎಂದ ಸೀರೆಯೊಳಗಿಂದ. “ಅದೇ ಬಂದು ಮುಟ್ಟಿತು.”

ಕಾಡುಕೋಣ ಈ ದೃಶ್ಯವನ್ನು ಸಾವಕಾಶವಾಗಿ ನೋಡಿ ಕಾಡಿಗಿಳಿಯಿತು. ಅಂಗಳ ತಲುಪಿದಾಗ ಮೂಡಣದಲ್ಲಿ ಬೂದು ಬಣ್ಣ ತಿಳಿಯಾಗುತ್ತಿತ್ತು.

“ಹೊಳೆಲಿ ಅದ್ದಿ ಉಡ್ತೆ,” ಎಂದರು ಅತ್ತೆ. ದನಿ ಸಣ್ಣದಾಗಿತ್ತು. “ನಲವತ್ತೊಂದು ವರ್ಷ.”

ವಿಘ್ನೇಶ್ವರ, “ಪರದೆ ಎಳೆದದ್ದು ನಾನು. ಬೈದು ಬಿಡಿ ಅತ್ತೆ,” ಎಂದ. ಅತ್ತೆ ಬೈಯಲಿಲ್ಲ. ಅದಕ್ಕೇ ನಮಗೆ ಹೆದರಿಕೆಯಾದದ್ದು. ಅವರು ಲೋಕೇಶನನ್ನೇ ದಿಟ್ಟಿಸುತ್ತಿದ್ದರು.

“ನೀ ಹೊದ್ದದ್ದು ಕುರಿ ಉಣ್ಣೆದಾ, ನೈಲಾನಾ?”

“ಕುರಿದೇ ಅಮ್ಮ. ಚಿತ್ರದುರ್ಗದ ಕಡೆಯೋರು ಹೊತ್ಕೊಂಡು ಬರ್ತಾರಲ್ಲ, ಅವರ ಹತ್ರ ತಗೊಂಡಿದ್ದು.”

“ಕಂಬಳಿಗೆ ಮೈಲಿಗೆ ಇಲ್ಲ,” ಎಂದರು ಅತ್ತೆ. “ನಮ್ಮ ಅಜ್ಜಿ ಉಣ್ಣೆ ಉಟ್ಟೇ ಅಡಿಗೆ ಮಾಡ್ತಿದ್ದರು. ಇಷ್ಟು ಹೊತ್ತು ಎಂತಕ್ಕೆ ನೆನಪಾಗಲಿಲ್ಲವೋ.”

ಲೋಕೇಶ ಕಂಬಳಿಯನ್ನು ಬಿಗಿಯಾಗಿ ಹಿಡಿದುಕೊಂಡ. “ಬೀಡಿ ವಾಸನೆ ಉಂಟು ಅಮ್ಮ.”

“ದೇವರಿಗೆ ಹುಗ್ಗಿ ವಾಸನೆ ಬಂದರೆ ಸಾಕು.”

ಅವನು ಬಿಚ್ಚಿ ಚಾಚಿದ. ಅತ್ತೆ ಅಭ್ಯಾಸಬಲದಿಂದ ಕೋಲು ಮುಂದೆ ಮಾಡಿದರು. ಮತ್ತೆ ಕೋಲನ್ನು ಗಾಡಿಗೆ ಒರಗಿಸಿ, ಅವನ ಕೈಯಿಂದ ಕೈಗೇ ತೆಗೆದುಕೊಂಡರು.

ಕಂಬಳಿಯನ್ನು ಸುತ್ತಿ ಸೊಂಟಕ್ಕೆ ಆ ಹಗ್ಗವನ್ನೇ ಬಿಗಿದು ಅವರು ಇಳಿದು ಬಂದಾಗ, ಅಪ್ಪ ಓದುತ್ತಿದ್ದ ಕಾವ್ಯದಲ್ಲಿ ಕಾಳಗಕ್ಕೆ ಹೊರಡುವವರ ನೆನಪಾಯಿತು. ಗ್ಯಾಸ್ ಒಲೆಯನ್ನು ಹೊಳೆಯ ಮೆಟ್ಟಿಲ ಮೇಲೆ ಇಟ್ಟೆವು. ಹೆಸರುಬೇಳೆ, ಅಕ್ಕಿ ಬೆಂದವು. ಮೆಣಸು, ಜೀರಿಗೆ, ತುಪ್ಪದ ಘಮ ಮಂಜಿನೊಳಗೆ ಹರಡಿತು. ಅತ್ತೆ ಶ್ಲೋಕ ಮುಗಿಸಿ ಆರತಿ ಇಳಿಸಿದ ಮೇಲೆಯೇ ಮೊದಲ ಬಿಸಿಲು ನೀರಿಗೆ ಬಿತ್ತು. ಪ್ರತಿವರ್ಷ ಈ ಹೊತ್ತಿಗೆ ಅವರ ದನಿ ಚಳಿಗೆ ನಡುಗುತ್ತಿತ್ತು. ಇವತ್ತು ಒಂದಕ್ಷರವೂ ಅಲುಗಲಿಲ್ಲ.

ನಾವು ಬಾಳೆಲೆಯ ತುಂಡಿನಲ್ಲಿ ಹುಗ್ಗಿ ತಿಂದೆವು. ಮಡಿ ಕೆಟ್ಟ ಸೀರೆಯನ್ನು ಲೋಕೇಶ ತಲೆಗೂ ಕಿವಿಗೂ ಸುತ್ತಿಕೊಂಡು ಎರಡು ಸಲ ಬಡಿಸಿಕೊಂಡ. ಆದರೂ ಹಲ್ಲು ಕಟಕಟ ಎನ್ನುತ್ತಿತ್ತು. ಅತ್ತೆ ಮೆಟ್ಟಿಲ ಮೇಲೆ ಕಂಬಳಿಯೊಳಗೆ ಕಾಲನ್ನೂ ಎಳೆದುಕೊಂಡು, ಕಣ್ಣು ಮುಚ್ಚಿ, ಬೆಚ್ಚಗೆ ಕೂತಿದ್ದರು.

“ಅಮ್ಮ,” ಎಂದ ಅವನು ಮೆಲ್ಲಗೆ. “ಪೂಜೆ ಆಯ್ತಲ್ಲ. ಕಂಬಳಿ ಕೊಡಿ.”

ಅತ್ತೆ ಒಂದು ಕಣ್ಣು ತೆರೆದರು.

“ಕೊಡೂದಿಲ್ಲ.”