ಬೆಳಕು ನೋಡಲು ತೆಗೆದದ್ದು

ನನ್ನ ಕೈಯಿಂದ ಬಂದ ಫೋಟೊಗಳಲ್ಲೆಲ್ಲ ಚೆಂದದ್ದು ಒಂದಿದೆ. ಅದು ನನ್ನ ಹತ್ತಿರ ಇಲ್ಲ. ಇದನ್ನು ಹೇಳಿದಾಗಲೆಲ್ಲ ನನ್ನ ಗಂಡ ಚನ್ನೇಶ, "ಸತ್ತ ಎಮ್ಮಿ ಹತ್ತ ಸೇರ ಹಾಲ ಕೊಡ್ತಿತ್ತಂತ, ಬಿಡ ರಂಜನಾ," ಎಂದು ಡ್ರೋನಿನ ಬ್ಯಾಟರಿ ಚಾರ್ಜಿಗೆ ಹಾಕಲು ಎದ್ದು ಹೋಗುತ್ತಾನೆ. ಅವನಿಗೇನು, ಅವನ ಫೋಟೊಗಳೆಲ್ಲ ಅವನ ಹಾರ್ಡ್ ಡಿಸ್ಕಿನಲ್ಲೇ ಇವೆ.

ಶಿಗ್ಗಾವಿಯಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೊ. ಮದುವೆಗಳಲ್ಲಿ ಗಂಡಸರ ಕಡೆ ಅವನು, ಹೆಂಗಸರ ಕಡೆ ನಾನು. ಸವಣೂರು, ಬಂಕಾಪುರದ ಎಷ್ಟೋ ಮುಸ್ಲಿಂ ಮನೆಗಳಲ್ಲಿ ಮದುಮಗಳ ಕೋಣೆಗೆ ಹೆಣ್ಣು ಫೋಟೊಗ್ರಾಫರೇ ಬೇಕು, ಹಾಗಾಗಿ ಸೀಸನ್ನಿನಲ್ಲಿ ನನಗೆ ಪುರಸೊತ್ತಿಲ್ಲ. ಕೆಲವು ಮನೆಗಳಲ್ಲಿ ಇನ್ನೊಂದು ಕಟ್ಟುಪಾಡೂ ಇದೆ. ಕೆಲಸ ಮುಗಿದ ಕೂಡಲೇ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಆ ಮನೆಯ ಹಿರಿಯ ಹೆಂಗಸಿನ ಕೈಗೆ ಕೊಟ್ಟು ಬರಬೇಕು. ಕಾಪಿ ಇಟ್ಟುಕೊಳ್ಳುವಂತಿಲ್ಲ. ಅವರ ಮನೆಯ ಹೆಣ್ಣುಮಕ್ಕಳ ಮುಖ ಪರರ ಕಂಪ್ಯೂಟರಿನಲ್ಲಿ ಯಾಕಿರಬೇಕು? ನ್ಯಾಯವಾದ ಮಾತು. ನ್ಯಾಯವಾದ ಮಾತುಗಳೇ ಹೆಚ್ಚು ಹೊಟ್ಟೆ ಉರಿಸುತ್ತವೆ.

ಎಂಟು ವರ್ಷದ ಹಿಂದೆ ಸವಣೂರಿನಲ್ಲಿ ಮಾಹೀರಾಳ ಮದುವೆ. ಆಗ ನನ್ನದು ಹಳೆಯ ಕ್ಯಾಮೆರಾ, ಅದಕ್ಕೆ ಆ ತಿಂಗಳಷ್ಟೇ ಕೊಂಡ ಒಂದು ಫಿಫ್ಟಿ ಎಂಎಂ ಲೆನ್ಸು. ಅದನ್ನು ಪೂರ್ತಿ ತೆರೆದರೆ ಒಂದು ಬೆರಳಗಲದಷ್ಟು ಮಾತ್ರ ಸ್ಪಷ್ಟವಾಗಿ ಉಳಿದು, ಹಿಂದಿನದೆಲ್ಲ ನೀರಿಗೆ ಬಿದ್ದ ಬಣ್ಣದಂತೆ ಕರಗಿಹೋಗುತ್ತಿತ್ತು. ನನಗೆ ಅದರ ಹುಚ್ಚು. ಚಹಾದ ಲೋಟ, ಚಪ್ಪಲಿ, ಹೊಸ್ತಿಲು, ಕಂಡಿದ್ದನ್ನೆಲ್ಲ ಕರಗಿಸುತ್ತಿದ್ದೆ. ಆ ಮನೆಯಲ್ಲಿ ಮಗಳಿಗೆ ಕೊನೆಯ ಬಳೆಯನ್ನು ತಾಯಿಯೇ ಇಡಿಸಬೇಕು. ಮಾಹೀರಾಳ ತಾಯಿ ಜನ್ನತಬಿ ಕಿಟಕಿಯ ಪಕ್ಕ ಕೂತು ಮಗಳ ಮುಷ್ಟಿಯನ್ನು ಒತ್ತಿ ಹಿಡಿದರು. ಹಸಿರು ಗಾಜಿನ ಬಳೆ ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಮುಂದೆಯೂ ಹೋಗದು, ಹಿಂದೆಯೂ ಬಾರದು. ಬಿಸಿಲು ಬಳೆಯ ಮೇಲೆ ಬಿತ್ತು, ನಾನು ಒತ್ತಿದೆ.

ಕ್ಯಾಮೆರಾದ ಪರದೆಯಲ್ಲಿ ಒಂದು ಕ್ಷಣ ನೋಡಿದ್ದಷ್ಟೇ. ಎದೆ ಝಲ್ಲೆಂದಿತು. ಮಧ್ಯಾಹ್ನ ಎಲ್ಲ ಮುಗಿದ ಮೇಲೆ ಜನ್ನತಬಿ ಅಂಗೈ ಚಾಚಿ, "ಕಾರ್ಡ ಕೊಡವ್ವಾ," ಎಂದರು. ಕೊಟ್ಟೆ. ಬಸ್ಸಿನಲ್ಲಿ ಶಿಗ್ಗಾವಿ ಬರುವ ತನಕ ಅಳು ತಡೆದುಕೊಂಡು ಕೂತಿದ್ದೆ, ಸುಳ್ಳೇಕೆ ಹೇಳಲಿ.

ಈಗ ನನ್ನ ಹತ್ತಿರ ಇರುವುದು ಹೊಸ ಮಿರರ್‌ಲೆಸ್ ಕ್ಯಾಮೆರಾ. ಮನುಷ್ಯರ ಕಣ್ಣನ್ನು ಅದೇ ಹುಡುಕುತ್ತದೆ, ಅದೇ ಹಿಡಿಯುತ್ತದೆ, ಕತ್ತಲಲ್ಲೂ ತಪ್ಪುವುದಿಲ್ಲ. ದುಂಡಸಿಯ ಮದುಮಗಳಾದರೇನು, ಅಬಲೂರಿನ ಮದುಮಗಳಾದರೇನು, ಎಲ್ಲರ ಕಣ್ಣೂ ಸೂಜಿಯಷ್ಟು ಚೂಪು. ಆದರೆ ಆ ಝಲ್ಲೆನ್ನುವುದು ಮಾತ್ರ ಮತ್ತೆ ಬರಲಿಲ್ಲ. ಹೊಸ ಲೆನ್ಸು ಕೊಂಡೆ, ಯೂಟ್ಯೂಬ್ ನೋಡಿದೆ, ಹತ್ತಿಮತ್ತೂರಿನ ಹೊಲಗಳಲ್ಲಿ ನಸುಕಿನ ಬೆಳಕಿಗಾಗಿ ಸ್ಕೂಟಿ ಓಡಿಸಿದೆ. ಹತ್ತಿ ಬಂತು, ಮಂಜು ಬಂತು, ಫೋಟೊ ಬರಲಿಲ್ಲ. ಆ ಒಂದು ಚಿತ್ರವನ್ನು ಇನ್ನೊಮ್ಮೆ ನೋಡಿದರೆ ಅವತ್ತಿನ ಕಣ್ಣು ನನಗೆ ವಾಪಸು ಸಿಕ್ಕೀತು ಅನ್ನಿಸುತ್ತಿತ್ತು. ಹಾಗೆಂದು ಹೋಗಿ ಕೇಳುವುದು ಹೇಗೆ? ಕೊಟ್ಟ ಮಾತು ಕೊಟ್ಟ ಮಾತೇ.

ಕಳೆದ ತಿಂಗಳು ಮಾಹೀರಾಳೇ ಫೋನ್ ಮಾಡಿದಳು.

"ಅಕ್ಕಾ, ನಾ ಮಾಹೀರಾ. ಸವಣೂರಾಗ ನನ್ನ ಶಾದಿ ಫೋಟೊ ತಗದಿದ್ರಲ್ರಿ? ಅಮ್ಮಿ ತೀರ್ಕೊಂಡ್ಲು. ನಲವತ್ತರ ದಿನಾನೂ ಆತು. ಅಮ್ಮಿದು ಒಂದೂ ಫೋಟೊ ಇಲ್ರಿ ಮನ್ಯಾಗ. ಯಾರರ ಮೊಬೈಲ ಎತ್ತಿದ್ರ ಸಾಕು, ಕೈ ಅಡ್ಡ ಹಿಡೀತಿದ್ಲು. ಆಧಾರ ಕಾರ್ಡಿಂದ ಒಂದ ಐತಿ, ಅದರಾಗ ನಮ್ಮಮ್ಮಿ ನಮ್ಮಮ್ಮಿ ಹಂಗ ಕಾಣೂದೇ ಇಲ್ಲ. ಆವತ್ತ ನೀವೇನರ ತಗದಿದ್ರೇನು?"

"ತಗದೇನವ್ವಾ!" ಅಂದೆ. ಸಾವಿನ ಸುದ್ದಿಗೆ ಮರುಗುವ ಮೊದಲೇ ನನ್ನ ದನಿಯಲ್ಲಿ ಹಿಗ್ಗು ನುಗ್ಗಿಬಿಟ್ಟಿತ್ತು. "ನಿಮ್ಮಮ್ಮಿದು ಭಾಳ ಚಲೋ ಫೋಟೊ ಐತಿ. ನನ್ನ ಕೈಲೆ ಅಂಥಾದ್ದು ಮತ್ತ ಬಂದಿಲ್ಲ. ಕಾರ್ಡ ಎಲ್ಲೈತಿ?"

"ಐತ್ರಿ. ಕಾರ್ಡ ಭದ್ರ ಐತಿ."

ಭದ್ರ ಅಂದರೆ ಎಂಥ ಭದ್ರ! ಮಾರನೆಯ ದಿನ ಸವಣೂರಿನ ಆ ಮನೆಗೆ ಹೋದಾಗ ಮಾಹೀರಾ ಒಡವೆಯ ಡಬ್ಬಿ ತಂದಳು. ಕೆಂಪು ಮಖಮಲ್ಲಿನ ಮೇಲೆ, ಜನ್ನತಬಿಯವರ ಮೂಗುತಿಯ ಪಕ್ಕ, ಹತ್ತಿಯಲ್ಲಿ ಸುತ್ತಿದ ನನ್ನ ಕಾರ್ಡು ಮಲಗಿತ್ತು. ಎಂಟು ವರ್ಷದಲ್ಲಿ ಅದನ್ನು ಒಬ್ಬರೂ ತೆರೆದು ನೋಡಿರಲಿಲ್ಲ. ಪ್ರಿಂಟ್ ಹಾಕಿಸೋಣವೆಂದರೆ ಅಂಗಡಿಗಳಲ್ಲೆಲ್ಲ ಗಂಡಸರು. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಮದುವೆಯಾಗಿ ಹಾನಗಲ್ಲಿಗೆ ಹೋದ ಮಗಳು ಕೇಳಿದಾಗಲೆಲ್ಲ ಜನ್ನತಬಿ, ಫೋಟೊ ನನ್ನ ಹತ್ತಿರ ಜೋಪಾನ ಇವೆ, ಎಲ್ಲಿ ಹೋಗುತ್ತವೆ ಎನ್ನುತ್ತಿದ್ದರಂತೆ. ಯಾರೂ ನೋಡಬಾರದೆಂದು ಕಾಪಾಡಿ ಕಾಪಾಡಿ ಕೊನೆಗೆ ಮನೆಯವರೂ ನೋಡಲಿಲ್ಲ. ನನಗೆ ನಗುವೂ ಬಂತು, ಸಿಟ್ಟೂ ಬಂತು.

ಲ್ಯಾಪ್‌ಟಾಪಿಗೆ ಹಾಕಿದರೆ ಕಾರ್ಡು ತೆರೆಯಲೇ ಇಲ್ಲ. ಮಾಹೀರಾ ದುಪಟ್ಟಾದ ಅಂಚನ್ನು ಬಾಯಿಗೆ ಒತ್ತಿಕೊಂಡಳು. ಹೊರಗೆ ತೆಗೆದು, ಅದರ ಚಿನ್ನದ ಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಊದಿ, ಮತ್ತೆ ಹಾಕಿದೆ. ತೆರೆಯಿತು. ಇಬ್ಬರೂ ಒಟ್ಟಿಗೆ ಉಸಿರುಬಿಟ್ಟೆವು.

ನನಗೆ ತಡೆಯಲಾಗಲಿಲ್ಲ. ಉಳಿದದ್ದನ್ನೆಲ್ಲ ದಾಟಿಸಿಕೊಂಡು ನೇರ ಬಳೆಯ ಫೋಟೊಗೆ ಬಂದೆ. ಅದೇ! ನೆನಪು ಒಂದು ಕೂದಲೆಳೆಯಷ್ಟೂ ಸುಳ್ಳು ಹೇಳಿರಲಿಲ್ಲ. ಗೆಣ್ಣಿಗೆ ಸಿಕ್ಕಿಕೊಂಡ ಹಸಿರು ಬಳೆ, ಅದನ್ನು ಒತ್ತುವ ಮದರಂಗಿಯ ಬೆರಳು, ಉಗುರಿನ ಸಂದಿಯಲ್ಲಿ ಅಂಟಿದ ಅರಿಸಿನ. ನನ್ನ ಕಣ್ಣು ತುಂಬಿ ಬಂತು.

ಮಾಹೀರಾ ಪರದೆಯ ಹತ್ತಿರ ಬಾಗಿದಳು. ಬಹಳ ಹೊತ್ತು ನೋಡಿದಳು.

"ಅಮ್ಮಿ ಮುಖ ಎಲ್ಲೈತ್ರಿ?"

ಬಳೆಯ ಹಿಂದಿನ ಕಂದು ಬಣ್ಣದ ಮಬ್ಬನ್ನು ಬೆರಳಿನಿಂದ ತೋರಿಸಿದೆ. "ಇದ ಅವರ ಮುಖ. ಲೆನ್ಸ್ ಪೂರ್ತಿ ತೆರದು, ಬಳಿ ಮ್ಯಾಲ ಫೋಕಸ್ ಮಾಡಿದ್ರ ಹಿಂದಿಂದು ಮಸುಕ ಆಗತೇತಿ. ಬೇಕಂತನ ಹಂಗ ಮಾಡಿದ್ದು, ಮಾಹೀರಾ."

"ಬೇಕಂತ?" ಎಂದಳು.

ಅಷ್ಟೇ ಅಂದದ್ದು. ದನಿ ಏರಿಸಲಿಲ್ಲ. ಮಸುಕಿನ ಸೊಗಸಿನ ಬಗ್ಗೆ ನಾನು ತಾಸುಗಟ್ಟಲೆ ಮಾತಾಡಬಲ್ಲೆ, ಆದರೆ ತಾಯಿಯ ಮುಖಕ್ಕಾಗಿ ಹಾನಗಲ್ಲಿನಿಂದ ಬಂದು ಕೂತವಳ ಮುಂದೆ ಅದು ಯಾವ ಲೆಕ್ಕ? ಮುಂದಿನ ಫೋಟೊಗಳನ್ನೆಲ್ಲ ಸರಸರ ತೆಗೆದು ನೋಡಿದೆ. ಮದುಮಗಳು, ಗೆಳತಿಯರು, ಮಕ್ಕಳು, ತಟ್ಟೆಯಲ್ಲಿ ಖಾರದ ತಿಂಡಿ, ಎಲೆ ಅಡಿಕೆ. ಜನ್ನತಬಿಯವರ ಬೆನ್ನು, ಮೊಣಕೈ, ಸೆರಗು. ಮುಖ ಬಂದಲ್ಲೆಲ್ಲ ಮುಖದ ಮುಂದೆ ಅಂಗೈ.

"ಮೊದಲಿಂದ ತೋರಸ್ರಿ," ಎಂದಳು ಮಾಹೀರಾ.

"ಮೊದಲ ಏನೂ ಇಲ್ಲವ್ವಾ, ಬರೇ ಟೆಸ್ಟ್ ಹೊಡದದ್ದು."

"ಇರ್ಲಿ. ತೋರಸ್ರಿ."

ಮೊದಲನೆಯದು ಬಿಳಿ ಗೋಡೆ. ಎರಡನೆಯದರಲ್ಲೂ ಗೋಡೆಯೇ, ಫ್ಲ್ಯಾಶ್ ಹೆಚ್ಚಾಗಿ ಸುಣ್ಣ ಎರಚಿದಂತಿತ್ತು. ಮೂರನೆಯದರಲ್ಲಿ ಅದೇ ಗೋಡೆಯ ಮುಂದೆ ಜನ್ನತಬಿ ನಿಂತಿದ್ದರು.

ಎದುರಿಗೇ ನಿಂತಿದ್ದರು. ಫ್ಲ್ಯಾಶಿನ ಕೆಟ್ಟ ಬೆಳಕು, ಹಿಂದೆ ಕಪ್ಪು ನೆರಳು, ತಲೆಯ ಪಕ್ಕ ಸ್ವಿಚ್ ಬೋರ್ಡು. ಆದರೆ ಹಣೆಯ ಗೆರೆ, ಮೂಗುತಿಯ ಹರಳು, ಒಂದು ಹುಬ್ಬಿನ ತುದಿಯ ಮಚ್ಚೆ, ಎಲ್ಲವೂ ಕೈಯಿಟ್ಟು ಮುಟ್ಟಬಹುದು ಅನ್ನುವಷ್ಟು ಸ್ಪಷ್ಟ. ಕೈ ಅಡ್ಡ ಇಲ್ಲ. ನೇರ ನಮ್ಮನ್ನೇ ನೋಡುತ್ತಿದ್ದಾರೆ.

ಮಾಹೀರಾ ಅಳಲಿಲ್ಲ. ಆ ಮಚ್ಚೆಯ ಮೇಲೆ ಬೆರಳಿಟ್ಟು ಕೂತಳು. "ಅಮ್ಮಿ ಹೆಂಗ ನಿಂತ್ಲು?" ಎಂದಳು ಕೊನೆಗೆ.

ನನಗೆ ನೆನಪಾಯಿತು. ಮದುಮಗಳು ಬರುವ ಮೊದಲು ಯಾರನ್ನಾದರೂ ನಿಲ್ಲಿಸಿ ಒಂದೆರಡು ಹೊಡೆದು ನೋಡುವುದು ನಮ್ಮ ರೂಢಿ. ತಟ್ಟೆ ಹಿಡಿದು ಹೋಗುತ್ತಿದ್ದ ಜನ್ನತಬಿಯವರನ್ನು ಚಿಕ್ಕಮ್ಮನೆಂಬಂತೆ ಖಾಲಾ ಎಂದು ಕರೆದಿದ್ದೆ. ಕೈ ಎತ್ತಲು ಹೋದರು. "ಫೋಟೊ ಅಲ್ರಿ ಖಾಲಾ, ಬರೇ ಬೆಳಕ ನೋಡ್ತೇನಿ," ಅಂದಿದ್ದೆ. ನಂಬಿ ನಿಂತರು. ನನ್ನ ಮಟ್ಟಿಗೂ ಅದು ಫೋಟೊ ಆಗಿರಲಿಲ್ಲ. ಇಂಥವನ್ನು ಮನೆಗೆ ಬಂದ ಕೂಡಲೇ ಅಳಿಸುತ್ತೇನೆ, ಹಾರ್ಡ್ ಡಿಸ್ಕಿನಲ್ಲಿ ಜಾಗ ಯಾಕೆ ದಂಡ ಎಂದು. ಅವತ್ತು ಕಾರ್ಡು ನನ್ನ ಜೊತೆ ಶಿಗ್ಗಾವಿಗೆ ಬಂದಿದ್ದರೆ ಜನ್ನತಬಿ ಅವತ್ತೇ ಹೋಗಿಬಿಡುತ್ತಿದ್ದರು. ನಾನು ಎಂಟು ವರ್ಷ ಬೈದುಕೊಂಡ ಕಟ್ಟುಪಾಡೇ ಅವರನ್ನು ಉಳಿಸಿತ್ತು.

"ಏನೋ ಅನ್ನಾಕತ್ತಾಳ ನೋಡ್ರಿ," ಎಂದಳು ಮಾಹೀರಾ. ಹೌದು, ಬಾಯಿ ಅರ್ಧ ತೆರೆದಿತ್ತು. "ಏನಂದ್ಲು? ನೆನಪೈತೇನ್ರಿ?"

ಇಲ್ಲ. ಆಗ ನಾನು ಅವರನ್ನು ನೋಡುತ್ತಿರಲಿಲ್ಲ, ಕ್ಯಾಮೆರಾದ ಹಿಂದಿನ ಪರದೆ ನೋಡುತ್ತಿದ್ದೆ. ಹಾಗೆಂದೇ ಹೇಳಿದೆ.

ಮಾಹೀರಾ ಇನ್ನಷ್ಟು ಹೊತ್ತು ಆ ಬಾಯನ್ನೇ ನೋಡಿದಳು. ಆಮೇಲೆ ಸಣ್ಣಗೆ ನಕ್ಕಳು. "ಊಟ ಮಾಡೀ ಏನವ್ವಾ ಅಂದಿರ್ತಾಳ. ಮನೀಗೆ ಯಾರ ಬಂದ್ರೂ ಮೊದಲ ಮಾತ ಅದ."

ಮದುವೆ ಮನೆಯಲ್ಲಿ ಫೋಟೊಗ್ರಾಫರಿಗೆ ಇನ್ನೊಂದು ತೆಗೀರಿ ಅನ್ನುವವರು ನೂರು ಜನ. ಊಟ ಆಯಿತೇ ಅನ್ನುವವರು ಅಪರೂಪ. ಅಂಥ ಒಬ್ಬರು ಕೇಳಿದ್ದರು, ನಾನು ತಲೆ ಎತ್ತಿರಲಿಲ್ಲ.

ಆ ಫೋಟೊವನ್ನು ಅವಳ ಮೊಬೈಲಿಗೆ ಹಾಕಿಕೊಟ್ಟೆ. ಅವಳು ಎದ್ದು ಅಡುಗೆಮನೆಗೆ ಹೊರಟವಳು ಬಾಗಿಲಲ್ಲಿ ನಿಂತಳು. "ಅಕ್ಕಾ, ಬಳೀದು ನೀವ ತಗೋರಿ. ಅದರಾಗ ಯಾರದೂ ಮುಖ ಇಲ್ಲ. ಅಮ್ಮಿನೂ ಬ್ಯಾಡ ಅಂತಿದ್ದಿಲ್ಲ. ಊಟ ಮಾಡ್ಕೊಂಡ ಹೋಗ್ರಿ ಮತ್ತ."

ಎಂಟು ವರ್ಷ ಹಂಬಲಿಸಿದ್ದು ಕೇಳದೆಯೇ ಕೈಗೆ ಬಂತು. ಕಾಪಿ ಮಾಡಿಕೊಂಡೆ. ಪಕ್ಕದಲ್ಲೇ ಮೂರನೆಯ ಫೋಟೊ ಇತ್ತು. ಅದೇ ಈಗ ನನಗೆ ಬೇಕಾಗಿತ್ತು, ಕೆಟ್ಟ ಬೆಳಕಿನದು, ಸ್ವಿಚ್ ಬೋರ್ಡಿನದು. ಒಳಗಿನಿಂದ ಕುಕ್ಕರಿನ ಸೀಟಿ ಕೇಳುತ್ತಿತ್ತು, ಕೋಣೆಯಲ್ಲಿ ಯಾರೂ ಇರಲಿಲ್ಲ, ಬೆರಳು ಅದರ ಮೇಲೇ ಇತ್ತು. ಒತ್ತದೆಯೇ ಕಾರ್ಡು ಹೊರತೆಗೆದು, ಹತ್ತಿಯಲ್ಲಿ ಸುತ್ತಿ, ಮೂಗುತಿಯ ಪಕ್ಕ ಇಟ್ಟು ಡಬ್ಬಿ ಮುಚ್ಚಿದೆ. ಅನ್ನ, ದಾಲ್ಚಾ ಬಡಿಸಿದಳು. ಹೊಟ್ಟೆ ತುಂಬ ಉಂಡೆ.

ಸಂಜೆ ಸ್ಟುಡಿಯೊದಲ್ಲಿ ಚನ್ನೇಶ ಬಳೆಯ ಫೋಟೊ ನೋಡಿದ. ಮೊದಲ ಸಲ ನಗಲಿಲ್ಲ. "ಖರೇನ ಚಲೋ ಐತಿ ಬಿಡ. ಇದನ್ನ ಸ್ಪರ್ಧಾಕ್ಕ ಕಳಸು," ಎಂದು ಅಂಗಡಿಯ ಶಟರ್ ಇಳಿಸಲು ಹೋದ. ನಾನು ಬಳೆಯನ್ನು ನೋಡುತ್ತಿರಲಿಲ್ಲ. ಅದರ ಹಿಂದಿನ ಕಂದು ಮಬ್ಬನ್ನು ದೊಡ್ಡದು ಮಾಡುತ್ತಿದ್ದೆ. ಇನ್ನೂ ದೊಡ್ಡದು, ಇನ್ನೂ ದೊಡ್ಡದು. ಮಚ್ಚೆಯಿಲ್ಲ, ಹುಬ್ಬಿಲ್ಲ, ಬಾಯಿಲ್ಲ. ಬಣ್ಣದ ಚೌಕಗಳಷ್ಟೇ ಉಳಿದವು.

"ಊಟ ಆತ್ರಿ ಖಾಲಾ," ಎಂದೆ ಆ ಚೌಕಗಳಿಗೆ.